ಪಾಠವೂ ಸಿನಿಮಾವೂ ಒಂದೇ ಸಂಜೆಗೆ ಬರಲಿ

ಮಾನ್ಯ ಸಂಪಾದಕರೇ,

ದೂರದರ್ಶನದ ಹಳೆಯ ದಿನಗಳ ಮಾತು ಬಂದಾಗಲೆಲ್ಲ ಪೌರಾಣಿಕ ಧಾರಾವಾಹಿಗಳ ನೆನಪೇ ಮುಂದಾಗುತ್ತದೆ. ಆದರೆ ಕರ್ನಾಟಕಕ್ಕೆ ಟಿ.ವಿ. ಮೊದಲು ಬಂದದ್ದು ತಿಳಿವಳಿಕೆ ಹೇಳುವುದಕ್ಕೆ, ಅದೂ ಹಳ್ಳಿಗಳಿಗೆ. 1975ರ ಆಗಸ್ಟ್‌ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್‌–6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್‌’ ಎಂಬ ಶೈಕ್ಷಣಿಕ ಟಿ.ವಿ. ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಗುರಿಯಾಗಿರಿಸಿಕೊಂಡಿತ್ತು. ನಮ್ಮಲ್ಲಿ ಅದಕ್ಕೆ ಆಯ್ದುಕೊಂಡದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ ನೇರವಾಗಿ ಉಪಗ್ರಹದಿಂದಲೇ ಸಂಕೇತ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನ ದೊಡ್ಡವರಿಗೆ ಬೇಸಾಯ, ಆರೋಗ್ಯಗಳ ವಿಷಯ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ ಎಂಬುದನ್ನು ನೆನೆದರೆ, ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಹಳ್ಳಿಗಳು ಪರದೆಯ ಮುಂದೆ ಕುಳಿತಿದ್ದವು.

ಎಂಬತ್ತರ ದಶಕದಲ್ಲಿ ಇದರ ಜೊತೆಗೆ ಸಿನಿಮಾ ಸೇರಿಕೊಂಡಿತು. ಭಾನುವಾರ ಸಂಜೆ ಹಿಂದಿ ಚಿತ್ರ. ಮಧ್ಯಾಹ್ನ ಪ್ರಶಸ್ತಿ ಪಡೆದ ಬಂಗಾಳಿ, ಮಲಯಾಳ, ಕನ್ನಡ ಚಿತ್ರಗಳು, ಕೆಳಗೆ ಇಂಗ್ಲಿಷ್‌ ಅಡಿಬರಹ. 1984ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು, ತೊಂಬತ್ತರ ದಶಕದಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಭೌತವಿಜ್ಞಾನಿ ಪ್ರೊ. ಯಶ್‌ಪಾಲ್‌ ಉತ್ತರಿಸುತ್ತಿದ್ದ ವಿಜ್ಞಾನ ಕಾರ್ಯಕ್ರಮ ಬಂದವು. ಸಿನಿಮಾಕ್ಕೆಂದು ಕಾದು ಕುಳಿತವರು ಅದಕ್ಕೆ ಮುಂಚಿನ ಕೃಷಿ ಮಾಹಿತಿಯನ್ನೂ ನೋಡುತ್ತಿದ್ದರು. ಇಷ್ಟಪಟ್ಟೇ ನೋಡುತ್ತಿದ್ದೆವೆಂದು ನಾನು ಹೇಳಲಾರೆ. ಬೇರೆ ವಾಹಿನಿ ಇರಲಿಲ್ಲ, ಅಷ್ಟೆ. ಆದರೂ ಹಾಗೆ ಒಲ್ಲದ ಮನಸ್ಸಿನಿಂದ ಕೇಳಿದ ಎಷ್ಟೋ ಸಂಗತಿಗಳು ಇಂದಿಗೂ ನೆನಪಿನಲ್ಲಿ ಉಳಿದಿವೆ.

ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದೆ ಎನ್ನುವವರಿದ್ದಾರೆ. ಹೆಸರು ಗೊತ್ತಿದ್ದರೆ ತಾನೆ ಹುಡುಕುವುದು? ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಸಂಸ್ಕರಣೆಗೊಂಡು 2024ರಲ್ಲಿ ವೆನಿಸ್‌ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಆ ಹೆಸರನ್ನೇ ಕೇಳದ ಕಾಲೇಜು ವಿದ್ಯಾರ್ಥಿಗೆ ಯಾವ ಮೊಬೈಲೂ ಅದನ್ನು ತಾನಾಗಿ ತೋರಿಸುವುದಿಲ್ಲ. ಅವನು ನಿನ್ನೆ ನೋಡಿದ್ದರಂಥದ್ದನ್ನೇ ಇಂದೂ ಮುಂದಿಡುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಚಂದನ ವಾಹಿನಿಯು ವಾರದಲ್ಲಿ ಒಂದು ಸಂಜೆಯನ್ನು ಇದಕ್ಕೆಂದೇ ಮೀಸಲಿಟ್ಟು, ಮೊದಲ ಅರ್ಧ ಗಂಟೆ ವಿಜ್ಞಾನ ಅಥವಾ ಇತಿಹಾಸದ ಕಾರ್ಯಕ್ರಮವನ್ನು, ಅದರ ಬೆನ್ನಿಗೇ ಕನ್ನಡದ ಅಥವಾ ಬೇರೆ ಭಾರತೀಯ ಭಾಷೆಯ ಒಂದು ಶ್ರೇಷ್ಠ ಚಿತ್ರವನ್ನು ಕತ್ತರಿ ಹಾಕದೆ, ನಡುವೆ ಜಾಹೀರಾತು ತುರುಕದೆ ಪ್ರಸಾರ ಮಾಡಲಿ. ಅನ್ಯಭಾಷೆಯ ಚಿತ್ರವಾದರೆ ಅಡಿಬರಹ ಕನ್ನಡದಲ್ಲಿರಲಿ; ಅಂದು ಇಂಗ್ಲಿಷ್‌ ಬಾರದ ಹಿರಿಯರು ಅರ್ಧಕ್ಕೇ ಎದ್ದುಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಚಿತ್ರದ ಹೆಸರು ಒಂದು ವಾರ ಮೊದಲೇ ತಿಳಿದರೆ, ತಾವೂ ಅದನ್ನು ಪತ್ರಿಕೆಯಲ್ಲಿ ಎರಡು ಸಾಲಿನಷ್ಟು ಪ್ರಕಟಿಸಬಹುದು.

ಇತಿ,
ಒಬ್ಬ ಹಳೆಯ ವೀಕ್ಷಕ