ಗಡಿಯಾರ ನೋಡಿ ಬರೆ

ಶಿರಸಿ

ಚಿ. ಸುಮನಾಳಿಗೆ ಅತ್ತೆಯ ಆಶೀರ್ವಾದಗಳು.

ನೀನು ಹೆರಿಗೆ ಕೆಲಸವನ್ನೇ ಕಲಿಯುತ್ತೇನೆ ಎಂದಿದ್ದು ಅಣ್ಣನಿಂದ ತಿಳಿಯಿತು. ಅದಕ್ಕೆ ನರ್ಸಿಂಗ್ ಮೂಲಕವೇ ಹೋಗಬೇಕು. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸು) 2 ವರ್ಷ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ) 3, ಬಿಎಸ್ಸಿ ನರ್ಸಿಂಗ್ 4. ನೀನು ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವಳು, ಬಿಎಸ್ಸಿಗೇ ಹೋಗು. ಅನುಭವವಾದ ಮೇಲೆ 18 ತಿಂಗಳ ಮಿಡ್‌ವೈಫರಿ ತರಬೇತಿಯೂ ಇದೆ. ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡ. ಅವರ ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಸಹಜ ಹೆರಿಗೆ, ಅದನ್ನು ಎಷ್ಟು ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಾರೆ ಎಂದು ಕೇಳು. ತಡವರಿಸಿದರೆ ಬೇರೆ ಕಡೆ ನೋಡು.

ಮಗುವನ್ನು ಹಿಡಿಯುವುದೇ ಈ ಕೆಲಸ ಎಂದುಕೊಂಡಿರುತ್ತೀ. ಅಲ್ಲ, ಹೆಚ್ಚಿನ ಹೊತ್ತು ಕಾಯುವುದು, ಬರೆಯುವುದು. ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದ ಮೇಲೆ ಪಾರ್ಟೋಗ್ರಾಫ್ ಶುರು, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಹೊತ್ತುಹೊತ್ತಿಗೆ ಗುರುತು ಹಾಕುವ ಹಾಳೆ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, 10 ನಿಮಿಷದಲ್ಲಿ ಎಷ್ಟು ನೋವು ಬಂತು, ತಾಯಿಯ ನಾಡಿ. 4 ಗಂಟೆಗೊಮ್ಮೆ ಬಿಪಿ, ಒಳಪರೀಕ್ಷೆ. ಬಡಿತ 120ಕ್ಕಿಂತ ಇಳಿದರೆ, 160 ದಾಟಿದರೆ ಡಾಕ್ಟರಿಗೆ ಹೇಳು. ಹೆರಿಗೆಯೆಲ್ಲ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ಅಂದವಾಗಿ ತುಂಬಿದ ಹಾಳೆಗಳನ್ನು ಎಲ್ಲೆಲ್ಲೂ ಕಾಣುತ್ತೀ. ಅವು ಯಾರನ್ನೂ ಉಳಿಸಿಲ್ಲ. ಗರ್ಭಕೋಶದ ಬಾಯಿ ತೆರೆಯುವುದನ್ನು ತೋರಿಸುವ ಗೆರೆ ಹಾಳೆಯಲ್ಲಿರುವ ಎಚ್ಚರಿಕೆ ರೇಖೆಯ ಬಲಕ್ಕೆ ಹೊರಳಿತೆಂದರೆ, ಹೆರಿಗೆ ನಿಧಾನವಾಗಿದೆ, 108ಕ್ಕೆ ಫೋನ್ ಮಾಡು. ಮುಂದಿನ ರೇಖೆಗೆ ಇನ್ನೂ 4 ಗಂಟೆ ಇದೆಯಲ್ಲ ಎನ್ನಬೇಡ. ಆ ಲೆಕ್ಕ ಆಪರೇಷನ್ ಕೋಣೆ ಪಕ್ಕದಲ್ಲೇ ಇದ್ದವರಿಗೆ. ನಿನಗೂ ಆಸ್ಪತ್ರೆಗೂ ನಡುವೆ ದೇವಿಮನೆ ಘಟ್ಟ ಇರಬಹುದು.

ಮಗು ಹುಟ್ಟಿ ಎಲ್ಲರೂ ಗಂಡೋ ಹೆಣ್ಣೋ ಎನ್ನುವ ಹೊತ್ತಿಗೆ ನೀನು ಹೊಟ್ಟೆ ಮುಟ್ಟಿ, ಒಳಗೆ ಇನ್ನೊಂದು ಮಗು ಇಲ್ಲವೆಂದು ನೋಡಿ, ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿದು ರಕ್ತ ನಿಲ್ಲಲು ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಆ ಮದ್ದು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಆಷಾಢದಲ್ಲಿ ಎರಡು ದಿನ ಕರೆಂಟು ಹೋದರೆ ಬಾಟ್ಲಿ ನೋಡಲು ಹಾಗೇ ಇರುತ್ತದೆ, ಸತ್ವ ಕುಂದಿರುತ್ತದೆ. ಫ್ರಿಜ್ಜಿನ ಥರ್ಮಾಮೀಟರನ್ನು ನೀನೇ ನೋಡು. ಗರ್ಭಕೋಶ ಗಟ್ಟಿಯಾಗುವ ಮೊದಲು ಹೊಕ್ಕುಳಬಳ್ಳಿ ಎಳೆದರೆ ಬಳ್ಳಿ ತುಂಡಾದೀತು, ಗರ್ಭಕೋಶವೇ ಮಗುಚಿ ಹೊರಬಂದೀತು. ಮಾಸು ಬಿದ್ದ ಮೇಲೂ ಹೊಟ್ಟೆ ಮೆತ್ತಗಿದ್ದರೆ ಉಜ್ಜು, ಮೂತ್ರಕೋಶ ತುಂಬಿದೆಯೇ ನೋಡು, ಡಾಕ್ಟರನ್ನು ಕರೆ. ರಕ್ತ 500 ಮಿ.ಲೀ. ದಾಟಿದರೆ ಅಪಾಯ. ಬಟ್ಟೆ ಹೀರಿದ್ದು ಕಣ್ಣಳತೆಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದಾಗ ಹೆರಿಗೆಯ ದಿನ ಮಳೆಗಾಲದ ಜೂನ್–ಸೆಪ್ಟೆಂಬರ್ ಒಳಗೆ ಬೀಳುವವರ ಹೆಸರನ್ನು ಬೇರೆ ಪುಟದಲ್ಲಿ ಬರೆದಿಡು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಯಿತು, ಘಟ್ಟದ ಕೇರಿಗಳ ಮಾತೇನು? ಎರಡು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಬರಲು ಹೇಳು. ಅತ್ತೆಯಂದಿರು ಒಪ್ಪುವುದಿಲ್ಲ, ಬಸುರಿಗೆ ಹೇಳಿ ಪ್ರಯೋಜನವಿಲ್ಲ, ಅವರ ಜೊತೆಗೇ ಕೂತು ಚಾ ಕುಡಿದು ಮಾತಾಡು.

ಅರ್ಜಿ ತುಂಬುವ ಮೊದಲು ಒಂದು ಭಾನುವಾರ ಬಾ. ಖಾಲಿ ಪಾರ್ಟೋಗ್ರಾಫ್ ಹಾಳೆ ತೆಗೆದಿಟ್ಟಿದ್ದೇನೆ.

ಇಂತಿ,
ಅತ್ತೆ