ಟ್ರಿಗರ್‌ಗೆ ಅರ ಹಚ್ಚಬೇಡಿ, ಕಾಕಾ

ಬೋಜ್‌ಮನ್, ಮೊಂಟಾನಾ, ಅಮೆರಿಕ
ನವೆಂಬರ್

ಪ್ರೀತಿಯ ಕಾಕಾ ಅವರಿಗೆ ಈರಣ್ಣನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವು, ಚಿಗವ್ವ, ಮಂಜು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಹೊಲದಲ್ಲಿ ಮೆಣಸಿನಗಿಡ ಹೂ ಬಿಟ್ಟಿವೆ ಎಂದು ಅವ್ವ ಹೇಳಿದಳು. ಇಲ್ಲಿ ಆಗಲೇ ಹಿಮ ಬಿದ್ದಿದೆ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಲೈನು ಕಟ್ಟಾಗುತ್ತಲೇ ಇತ್ತು. ಹಂದಿಗಳು ಗೋವಿನಜೋಳಕ್ಕೆ ನುಗ್ಗುತ್ತವೆ, ಬಂದೂಕಿನ ಟ್ರಿಗರ್ ಬಹಳ ಬಿಗಿ, ಟ್ರಿಗರ್ ಸಿಕ್ಕಿಕೊಳ್ಳುವ ಒಳಗಿನ ಕಚ್ಚನ್ನು ಅರದಿಂದ ಸ್ವಲ್ಪ ಉಜ್ಜಿದರೆ ಹಗುರಾಗುತ್ತದೆ ಅಂತ ಮಂಜು ಹೇಳುತ್ತಾನೆ, ಉಜ್ಜಬಹುದಾ ಅಂತ ಕೇಳಿದಿರಿ. ಬೇಡ ಕಾಕಾ. ಯಾಕೆ ಬೇಡ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಈ ಊರಿನಲ್ಲಿ ಈಗ ಬೇಟೆಯ ಕಾಲ. ಜಿಂಕೆ ಮತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆಯಲು ರೈಫಲ್‌ಗೆ ಐದು ವಾರ ಬಿಡುತ್ತಾರೆ. ಬೇಟೆಗೆ ಹೋಗುವವರು ಸೊಂಟದಿಂದ ಮೇಲಕ್ಕೆ ಕಿತ್ತಳೆ ಬಣ್ಣದ ಬಟ್ಟೆ ಹಾಕಲೇಬೇಕು. 1985ರಿಂದ ಈಚೆಗೆ ಹುಟ್ಟಿದವರಾದರೆ ಸಾಮಾನ್ಯವಾಗಿ ತರಬೇತಿ ಪಾಸು ಮಾಡದೆ ಲೈಸೆನ್ಸ್ ಇಲ್ಲ. ಮಾಂಸ ಮುಟ್ಟದ ನನಗೆ ಇದೆಲ್ಲ ಯಾಕೆ ಬೇಕು ಅಂತ ಅವ್ವ ಬೈಯಬಹುದು! ನಾನು ಬೇಟೆಗೆ ಹೋಗುವವನಲ್ಲ. ಆದರೆ ಪಕ್ಕದ ಮನೆಯ ಅಜ್ಜ ತನ್ನ ರೈಫಲ್‌ನ ಟ್ರಿಗರ್ ತಾನೇ ಸರಿಮಾಡಿಕೊಳ್ಳುತ್ತಾನೆ. ನಾನು ಪಕ್ಕದಲ್ಲಿ ಕೂತು ಎಲ್ಲ ನೋಡಿದ್ದೇನೆ.

ಅವನ ರೈಫಲ್ ಟ್ರಿಗರ್ ಮೊದಲು ಸುಮಾರು 6 ಪೌಂಡ್ ಎಳೆತ ಕೇಳುತ್ತಿತ್ತಂತೆ, ಅಂದರೆ ಎರಡೂಮುಕ್ಕಾಲು ಕಿಲೋ. ರೈಫಲ್‌ನ ತೂಕವೇ 8 ಪೌಂಡ್. ಅಷ್ಟು ಜೋರಾಗಿ ಎಳೆದರೆ ಬಂದೂಕೇ ಅಲುಗುತ್ತದೆ, ಅಲ್ವಾ? ನಳಿಗೆಯ ತುದಿ ಒಂದು ಮಿಲಿಮೀಟರ್ ಸರಿದರೆ 200 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್‌ನಷ್ಟು ಪಕ್ಕಕ್ಕೆ ಹೋಗುತ್ತದೆ. ಜಿಂಕೆಯ ಎದೆಗೆ ಗುರಿ ಇಟ್ಟರೆ ಹೊಟ್ಟೆಗೆ ಬೀಳುತ್ತದೆ, ಪ್ರಾಣಿ ನರಳುತ್ತಾ ಓಡಿಹೋಗುತ್ತದೆ. ಅದಕ್ಕೇ ಅವರು ಟ್ರಿಗರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು.

ಆದರೆ ಎಷ್ಟು ಹಗುರಾಗಿದೆ ಅನ್ನುವುದು ಅಜ್ಜನಿಗೆ ಎರಡನೇ ಮಾತು. ಬೆರಳು ಒತ್ತುತ್ತಿದ್ದಂತೆ ಅದು ಕಿರಿಕಿರಿ ಅಂತ ಸ್ವಲ್ಪ ಸ್ವಲ್ಪವೇ ಜರುಗಬಾರದು, ತುಕ್ಕು ಹಿಡಿದ ಚಿಲಕದ ಹಾಗೆ. ಒತ್ತಡ ಏರುತ್ತಾ ಹೋಗಿ ಒಮ್ಮೆಲೇ ಬಿಡಬೇಕು. ಬಿಟ್ಟ ಮೇಲೆ ಟ್ರಿಗರ್ ಹಿಂದಕ್ಕೆ ಜಾಸ್ತಿ ಓಡಲೂಬಾರದು. ಹಾಗೆ ನೀಟಾಗಿ ಬಿಡುವ ಟ್ರಿಗರ್ ಮೂರೂವರೆ ಪೌಂಡ್ ಇದ್ದರೂ ಕೈಗೆ ಹಗುರಾಗಿಯೇ ಅನಿಸುತ್ತದೆ.

ಅವನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಬೋಲ್ಟ್ (ಗುಂಡಿನ ಮನೆಯನ್ನು ಹಿಂದಿನಿಂದ ಮುಚ್ಚುವ ಕಬ್ಬಿಣದ ದಂಡ) ತೆಗೆದು, ಗುಂಡಿನ ಮನೆ ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳನ್ನೂ ಹಾಕಿ ನೋಡುತ್ತಾನೆ. ತೋಟಾಗಳನ್ನು ಬೇರೆ ಕೋಣೆಗೆ ಕಳಿಸುತ್ತಾನೆ. ಮರದ ಹಿಡಿ ಬಿಚ್ಚಿದರೆ ಟ್ರಿಗರ್ ಡಬ್ಬಿ ಕಾಣುತ್ತದೆ, ಅದರಲ್ಲಿ ಮೂರು ಸಣ್ಣ ಸ್ಕ್ರೂ. ಒಂದು ಸ್ಪ್ರಿಂಗ್‌ನ ಬಿಗಿ ತಿದ್ದಲು, ಒಂದು ಕಚ್ಚು ಎಷ್ಟು ಆಳ ಹಿಡಿಯಬೇಕು ಅನ್ನುವುದಕ್ಕೆ, ಇನ್ನೊಂದು ಹಿಂದಿನ ಓಟ ನಿಲ್ಲಿಸಲು. ಅಜ್ಜ ಸ್ಪ್ರಿಂಗ್ ಸ್ಕ್ರೂ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಕಾಲು ಸುತ್ತು ತಿರುಗಿಸಿ, ಅಳತೆ ಹಿಡಿದು, ಮತ್ತೆ ಕಾಲು ಸುತ್ತು. ಕೊನೆಗೆ ಸ್ಕ್ರೂ ಅಲುಗದಂತೆ ಹೆಂಡತಿಯ ಉಗುರುಬಣ್ಣ ಒಂದು ಹನಿ ಹಾಕುತ್ತಾನೆ. ಆಮೇಲೆ ಪರೀಕ್ಷೆ. ಖಾಲಿ ಬಂದೂಕಿನ ಬೋಲ್ಟ್ ಜೋರಾಗಿ ಹಾಕುತ್ತಾನೆ, ಹಿಡಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟುತ್ತಾನೆ. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿ ಟ್ರಿಗರ್ ಎಳೆದು ಬಿಟ್ಟು, ಸೇಫ್ಟಿ ತೆಗೆಯುತ್ತಾನೆ. ಒಂದು ಸಲ ತಾನಾಗಿ ಟಕ್ ಅಂದರೂ ಅವತ್ತಿಗೆ ಆ ಬಂದೂಕು ಹೊರಗೆ ಹೋಗುವುದಿಲ್ಲ.

ಇಷ್ಟಾದರೂ ಇದು ಆಟದ ಕೆಲಸವಲ್ಲ. 2014ರಲ್ಲಿ ರೆಮಿಂಗ್ಟನ್ ಎಂಬ ಬಂದೂಕು ಕಂಪನಿಯೇ ತನ್ನ ಒಂದು ಜಾತಿಯ ಟ್ರಿಗರ್ ಇದ್ದ ರೈಫಲ್‌ಗಳನ್ನು ವಾಪಸ್ ಕರೆಸಿತು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದಿತ್ತು, ಕೆಲವು ತಾನಾಗಿ ಹಾರಬಹುದಿತ್ತು. ಕಾರ್ಖಾನೆಯಲ್ಲೇ ಹೀಗಾಗುತ್ತದೆ, ನಮ್ಮ ಮಂಜುವಿನ ಅರ ಎಷ್ಟರದ್ದು!

ಈಗ ನಿಮ್ಮ ಬಂದೂಕಿನ ಮಾತು. ಅದು ಒಂಟಿ ನಳಿಗೆಯ 12 ಬೋರ್, ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇರುವುದು. ಅದರಲ್ಲಿ ತಿದ್ದುವ ಸ್ಕ್ರೂ ಇಲ್ಲ. ಕುದುರೆಯ ಬುಡದ ಕಚ್ಚಿನಲ್ಲಿ ಟ್ರಿಗರ್‌ನ ತುದಿ ಕೂತಿರುತ್ತದೆ, ಅಷ್ಟೇ. ಇಂಥ ಹಳೆಯ ಬಂದೂಕುಗಳಲ್ಲಿ ಎಷ್ಟೋ ಸಲ ಕಬ್ಬಿಣದ ಮೇಲಿನ ತೆಳು ಪದರ ಮಾತ್ರ ಗಟ್ಟಿ. ಅರ ಹಚ್ಚಿದರೆ ಆ ಪದರ ಹೋಗಿ ಒಳಗಿನ ಮೆತ್ತಗಿನದು ಮೇಲೆ ಬರುತ್ತದೆ. ಮೊದಲ ವಾರ ಬೆಣ್ಣೆಯ ಹಾಗೆ ಬಿಡುತ್ತದೆ, ಮಂಜು ಹಿಗ್ಗುತ್ತಾನೆ. ಆಮೇಲೆ ಕಚ್ಚು ಸವೆದು, ಹೊಲದ ಬದುವಿನಲ್ಲಿ ಎಡವಿದರೂ ಸಾಕು, ಕುದುರೆ ಬೀಳುತ್ತದೆ. ಪಕ್ಕದಲ್ಲಿ ಯಾರಿರುತ್ತಾರೋ.

ಇನ್ನೊಂದು ಲೆಕ್ಕ. ನೀವು ಹೊಡೆಯುವುದು ಚರೆ (ಒಂದೇ ತೋಟಾದಲ್ಲಿ ಹಲವು ಸಣ್ಣ ಗುಂಡು), ಅದೂ ಮೂವತ್ತು ಮೀಟರ್ ಒಳಗೆ. ನಳಿಗೆ ಆ ಒಂದು ಮಿಲಿಮೀಟರ್ ಅಲುಗಿದರೆ ಅಲ್ಲಿ ವ್ಯತ್ಯಾಸ 3 ಸೆಂಟಿಮೀಟರ್. ಚರೆ ಅದಕ್ಕಿಂತ ಎಷ್ಟೋ ಅಗಲ ಹರಡುತ್ತದೆ. ರೈಫಲ್‌ನವರ ಚಿಂತೆ ನಿಮಗೆ ಬೇಕಿಲ್ಲ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಹಿಡಿಯುವ ಬಂದೂಕಿಗೆ ಟ್ರಿಗರ್ ಸ್ವಲ್ಪ ಬಿಗಿ ಇದ್ದರೇ ನನಗೆ ಸಮಾಧಾನ.

ಈಚೆಗೆ ಬಿಗಿ ಹೆಚ್ಚಾಗಿದೆ ಅಂದಿರಲ್ಲ, ನನಗೆ ಅನುಮಾನ ಎಣ್ಣೆಯ ಮೇಲೆ. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಕುಸುಬಿ ಎಣ್ಣೆ ಹಚ್ಚುತ್ತಾರೆ. ಅದು ಗಾಳಿಗೆ ಒಣಗಿ ವಾರ್ನಿಶ್‌ನಂತೆ ಅಂಟಿಕೊಳ್ಳುತ್ತದೆ, ಅದರ ಮೇಲೆ ಗೋವಿನಜೋಳದ ಧೂಳು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ತಿಂಗಳುಗಟ್ಟಲೆ ಇಟ್ಟು ತಂದಾಗ ತುಕ್ಕೂ ಸೇರಿರುತ್ತದೆ. ಬಂದೂಕು ಖಾಲಿ ಮಾಡಿ, ಟ್ರಿಗರ್ ಸುತ್ತ ಸೀಮೆಎಣ್ಣೆ ಹಚ್ಚಿ ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಒಂದೇ ಹನಿ ಬಿಡಿ. ಒಳಗಿನದು ಏನೂ ಬಿಚ್ಚಬೇಡಿ. ತೋಟಾ ಇಲ್ಲದೆ ಸುಮ್ನೆ ಕುದುರೆ ಬಡಿಯುತ್ತಾ ಕೂರುವುದೂ ಹಳೆಯ ಬಂದೂಕಿಗೆ ಒಳ್ಳೆಯದಲ್ಲ, ಪಿನ್ ಮುರಿಯಬಹುದು.

ಅದರಿಂದಲೂ ಸರಿಹೋಗದಿದ್ದರೆ ಪರವಾನಗಿ ಇರುವ ರಿಪೇರಿಯವರಿಗೇ ಕೊಡಿ, ಹುಬ್ಬಳ್ಳಿಯಲ್ಲಿ ವಿಚಾರಿಸಿ. ಇಲ್ಲಿ ಅಜ್ಜ ಅಡುಗೆಮನೆಯ ಟೇಬಲ್ ಮೇಲೆ ಮಾಡುವುದನ್ನು ಅಲ್ಲಿ ಮಾಡುವಂತಿಲ್ಲ. 1959ರ ಆಯುಧ ಕಾಯ್ದೆ ಬಂದೂಕು ಮಾಡುವುದು, ಮಾರುವುದರ ಜೊತೆ ರಿಪೇರಿಗೂ ಪರವಾನಗಿ ಕೇಳುತ್ತದೆ. ಹೋಗುವಾಗ ನಿಮ್ಮ ಲೈಸೆನ್ಸ್ ಪುಸ್ತಕ ಮರೆಯಬೇಡಿ.

ಹಂದಿಯ ವಿಷಯಕ್ಕೂ ಅರಣ್ಯ ಇಲಾಖೆಯ ಅನುಮತಿ ಕಾಗದ ಮೊದಲು ಕೈಗೆ ಬರಲಿ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಸುತ್ತಲಿನ ಹೊಲಗಳಿಗೆ ಚಿಗರೆಗಳೂ ಇಳಿಯುತ್ತವೆ. ರಾತ್ರಿ ಬ್ಯಾಟರಿ ಬಿಟ್ಟಾಗ ಕಣ್ಣು ಫಳಫಳ ಹೊಳೆದರೆ ಅದು ಹಂದಿಯಲ್ಲ ಅಂತಲೇ ತಿಳಿಯಿರಿ, ಹಂದಿಯ ಕಣ್ಣು ಹಾಗೆ ಹೊಳೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರೆ ಮುಟ್ಟಿದರೆ ಜೈಲೇ.

ಮಂಜುಗೆ ಬೇಜಾರಾದರೆ ನನಗೆ ಫೋನ್ ಮಾಡಲು ಹೇಳಿ, ಭಾನುವಾರ ನಿಮ್ಮ ರಾತ್ರಿ ಒಂಬತ್ತಕ್ಕೆ ನಾನು ಎದ್ದಿರುತ್ತೇನೆ. ಬಂದೂಕಿನ ಟ್ರಿಗರ್ ಕಡೆಯ ಫೋಟೋ ಎರಡು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ, ಅಜ್ಜನಿಗೂ ತೋರಿಸುತ್ತೇನೆ.

ಅವ್ವ, ಅಪ್ಪ, ಚಿಗವ್ವ ಎಲ್ಲರಿಗೂ ನಮಸ್ಕಾರ ತಿಳಿಸಿ.

ನಿಮ್ಮ
ಈರಣ್ಣ