ಸೀಬಿಸ್‌ನ ಅನುಮಾನವನ್ನು ಬಿಡಬೇಡ

ಪ್ರೀತಿಯ ತಂಗಿ,

ನಿನ್ನ ಲೇಖನ ಎರಡು ಸಲ ಓದಿದೆ. ಆತ್ಮ, ಸಾವು, ಬದಲಾಗದ ಸತ್ಯ. ಇಷ್ಟು ದೊಡ್ಡದಕ್ಕೆ ಕೈ ಹಾಕಿದ್ದೀಯಲ್ಲ, ಖುಷಿಯಾಯಿತು. ಆದರೆ ಮೊದಲ ಎರಡು ಪುಟದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. "ಆತ್ಮವು ಶಾಶ್ವತ, ದೇಹವು ನಶ್ವರ ಎಂದು ಪ್ಲೇಟೋ ಪ್ರತಿಪಾದಿಸಿದನು" ಅಂತ ಶುರು ಮಾಡಿದ್ದೀಯ. ಪ್ಲೇಟೋ ಹಾಗೆ ಶುರು ಮಾಡಲೇ ಇಲ್ಲ.

ಪ್ಲೇಟೋ ತನ್ನ ಗುರು ಸಾಕ್ರೆಟಿಸ್‌ನ ಕೊನೆಯ ದಿನದ ಮಾತುಕತೆ ಬರೆದ 'ಫೀಡೋ' ಮತ್ತೆ ತೆಗೆದು ನೋಡು. ಕ್ರಿ.ಪೂ. 399, ಅಥೆನ್ಸಿನ ಜೈಲು. ದೇವರ ಪೂಜೆಗೆ ಡೀಲೋಸ್ ದ್ವೀಪಕ್ಕೆ ಹೋದ ಹಡಗು ವಾಪಸ್ ಬರುವ ತನಕ ಮರಣದಂಡನೆ ಜಾರಿ ಮಾಡುವಂತಿಲ್ಲ. ಅದಕ್ಕೇ ಸಾಕ್ರೆಟಿಸ್ ಇಷ್ಟು ದಿನ ಉಳಿದಿದ್ದ. ಈಗ ಹಡಗು ಬಂದಿದೆ. ಸ್ನೇಹಿತರು ಒಳಗೆ ಬರುವ ಹೊತ್ತಿಗೆ ಆಗಷ್ಟೇ ಸರಪಳಿ ಬಿಚ್ಚಿದ್ದಾರೆ. ಎಪ್ಪತ್ತು ವರ್ಷದ ಮುದುಕ ಮಂಚದ ಮೇಲೆ ಎದ್ದು ಕೂತು, ಕಾಲು ಮಡಚಿ ಉಜ್ಜಿಕೊಳ್ಳುತ್ತಾನೆ. ಈ ನೋವು, ಸುಖ ಎಂಥಾ ಜೋಡಿ, ಒಂದು ಹೋದ ಬೆನ್ನಿಗೇ ಇನ್ನೊಂದು ಬರುತ್ತದೆ ಅನ್ನುತ್ತಾನೆ. ಆತ್ಮ ಸಾಯುವುದಿಲ್ಲ ಅಂತ ಮುಂದೆ ಬರುವ ಮೊದಲ ವಾದದ ಎಳೆಯೂ ಇದೇ. ನಿದ್ದೆಯಿಂದ ಎಚ್ಚರ, ಎಚ್ಚರದಿಂದ ನಿದ್ದೆ. ಹಾಗೇ ಬದುಕಿನಿಂದ ಸಾವು, ಸಾವಿನಿಂದ ಬದುಕು. ಆ ಕಾಲು ನಿನ್ನ ಲೇಖನದಲ್ಲಿ ಇರಬೇಕಿತ್ತು.

ಬದಲಾಗದ ಸತ್ಯದ ಬಗ್ಗೆಯೂ ಅಷ್ಟೇ. ಎರಡು ಕಡ್ಡಿ ಕೈಯಲ್ಲಿ ಹಿಡಿ. ಒಂದೇ ಅಳತೆ ಅನ್ನಿಸುತ್ತವೆ. ಪಕ್ಕಪಕ್ಕ ಇಟ್ಟರೆ ಕೂದಲೆಳೆಯಷ್ಟು ವ್ಯತ್ಯಾಸ. ಪೂರಾ ಸಮವಾದದ್ದನ್ನು ಕಣ್ಣು ಯಾವತ್ತೂ ನೋಡಿಲ್ಲ. ಆದರೂ 'ಇವು ಪೂರಾ ಸಮ ಅಲ್ಲ' ಅಂತ ಗೊತ್ತಾಗುತ್ತದಲ್ಲ, ಹೇಗೆ? ಹುಟ್ಟುವ ಮೊದಲೇ ತಿಳಿದಿದ್ದು ಈಗ ನೆನಪಾಗುತ್ತಿದೆ, ಅಂದರೆ ಆತ್ಮ ಮೊದಲೇ ಇತ್ತು ಅನ್ನುತ್ತಾನೆ ಸಾಕ್ರೆಟಿಸ್. ಒಪ್ಪೋದು ಬಿಡೋದು ಆಮೇಲೆ. ಓದುವವರ ಕೈಗೆ ಮೊದಲು ಆ ಕಡ್ಡಿ ಕೊಡು.

ಈಗ ನನಗೆ ಜಾಸ್ತಿ ಬೇಸರವಾದ ಜಾಗ. ನಾಲ್ಕನೇ ಪುಟದಲ್ಲಿ "ಇದನ್ನೇ ನಮ್ಮ ಗೀತೆಯೂ ಹೇಳಿದೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಹರಿದ ಬಟ್ಟೆ ಬಿಟ್ಟು ಹೊಸದು ಉಡುವ ಹಾಗೆ ಆತ್ಮ ದೇಹ ಬದಲಿಸುತ್ತದೆ ಅನ್ನುವ ಶ್ಲೋಕ ನಿನ್ನ ಮನಸ್ಸಿನಲ್ಲಿತ್ತು, ಅಲ್ವಾ? 'ಫೀಡೋ'ದಲ್ಲೂ ಬಟ್ಟೆ ಇದೆ. ಆದರೆ ಅದನ್ನು ತರುವವನು ಅಲ್ಲಿ ಕೂತ ಸ್ನೇಹಿತರಲ್ಲೊಬ್ಬ, ಥೀಬ್ಸ್ ಊರಿನ ಸೀಬಿಸ್, ಅನುಮಾನ ಹೇಳೋದಕ್ಕೆ. ಒಬ್ಬ ಮುದಿ ನೇಕಾರ. ಜೀವನವಿಡೀ ತನಗೆ ತಾನೇ ಬಟ್ಟೆ ನೇಯ್ದುಕೊಂಡ, ಎಷ್ಟೋ ಬಟ್ಟೆ ಉಟ್ಟು ಹರಿದ. ಆದರೂ ಕೊನೆಯ ಬಟ್ಟೆ ಹರಿಯುವ ಮೊದಲೇ ಅವನು ಸತ್ತ. ಆತ್ಮವೂ ಹಾಗೆ ಹತ್ತಾರು ದೇಹ ಸವೆಸಿ, ಯಾವುದೋ ಒಂದು ಸಾವಿನಲ್ಲಿ ತಾನೂ ಮುಗಿದುಹೋದರೆ? ಅದೇ ಬಟ್ಟೆ ಇಲ್ಲಿ ಧೈರ್ಯ ಕೊಡುವುದಿಲ್ಲ, ಕೂತವರನ್ನೆಲ್ಲ ಕಂಗೆಡಿಸುತ್ತದೆ. "ನಮ್ಮಲ್ಲೂ ಇದೆ" ಅಂದುಕೊಂಡಿದ್ದರಿಂದ ಇದು ನಿನಗೆ ಕಾಣಲೇ ಇಲ್ಲ.

ಆಮೇಲೆ ಏನಾಗುತ್ತದೆ ನೋಡು. ಪುಸ್ತಕಕ್ಕೆ ಹೆಸರು ಕೊಟ್ಟ ಶಿಷ್ಯ ಫೀಡೋ ಮಂಚದ ಪಕ್ಕ ಗಿಡ್ಡ ಪೀಠದ ಮೇಲೆ ಕೂತಿದ್ದಾನೆ. ಸಾಕ್ರೆಟಿಸ್ ಅವನ ತಲೆ ಸವರಿ, ಕೂದಲನ್ನು ಕೈಯಲ್ಲಿ ಹಿಡಿದು, ನಾಳೆ ಇಷ್ಟು ಚಂದದ ಕೂದಲನ್ನು ಕತ್ತರಿಸಿಬಿಡ್ತೀಯೇನೋ ಅನ್ನುತ್ತಾನೆ. ಅವರಲ್ಲಿ ಸಾವಿನ ದುಃಖಕ್ಕೆ ಕೂದಲು ಕತ್ತರಿಸುತ್ತಿದ್ದರು. ನಮ್ಮ ವಾದ ಸತ್ತುಹೋದರೆ ಇವತ್ತೇ ಕತ್ತರಿಸು, ನಾನೂ ಕತ್ತರಿಸ್ತೀನಿ ಅನ್ನುತ್ತಾನೆ. ತನ್ನ ಸಾವಿಗಿಂತ ವಾದದ ಸಾವು ಅವನಿಗೆ ದೊಡ್ಡದು. ಇದನ್ನು ನೀನು ಯಾವ ದೊಡ್ಡ ಪದದಲ್ಲಿ ಹೇಳಿದರೂ ಆ ಕೈಯಷ್ಟು ಹೇಳಲಾರೆ.

ಅಮ್ಮ ತೀರಿಕೊಂಡ ವರ್ಷ ನಾನು ಈ ಪುಸ್ತಕ ಓದುತ್ತಿದ್ದೆ. ವಾದಗಳು ತಲೆಗೆ ಹೋಗಲಿಲ್ಲ. ಸೀಬಿಸ್‌ನ ಇನ್ನೊಂದು ಮಾತು ಮಾತ್ರ ಹೋಯಿತು. ನಮ್ಮೊಳಗೆ ಒಂದು ಮಗು ಇದ್ದೀತು, ಅದು ಸಾವನ್ನು ಗುಮ್ಮ ಅಂತ ಹೆದರುತ್ತದೆ ಅಂದ. ಸಾಕ್ರೆಟಿಸ್ ಆ ಮಗುವನ್ನು ಗದರಲಿಲ್ಲ. ಹೆದರಿಕೆ ಹೋಗುವ ತನಕ ದಿನಾ ಅದಕ್ಕೆ ಮಂತ್ರ ಹಾಡಿ ಅಂದ. ಎಷ್ಟೋ ರಾತ್ರಿ ಆ ಸಾಲನ್ನೇ ಓದಿ ಮಲಗಿದ್ದೇನೆ.

ನಿನ್ನ ಕೊನೆಯ ಪುಟದಲ್ಲಿ "ಹೀಗೆ ಆತ್ಮದ ಅಮರತ್ವ ಸಾಬೀತಾಯಿತು" ಅಂತಿದೆ. ಅದನ್ನು ತೆಗೆದುಬಿಡು. ಎಲ್ಲ ವಾದ ಮುಗಿದ ಮೇಲೂ ಸೀಬಿಸ್‌ನ ಗೆಳೆಯ ಸಿಮ್ಮಿಯಸ್, ನನಗಿನ್ನೂ ಸ್ವಲ್ಪ ಅನುಮಾನ ಉಳಿದಿದೆ ಅನ್ನುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ವಿಷ ಕುಡಿಯಬೇಕಾದ ಸಾಕ್ರೆಟಿಸ್, ಸರಿಯಾಗೇ ಹೇಳಿದೆ, ಮೊದಲು ಒಪ್ಪಿಕೊಂಡಿದ್ದನ್ನೂ ಮತ್ತೆ ಪರೀಕ್ಷೆ ಮಾಡಿ ಅನ್ನುತ್ತಾನೆ. ಅವನಿಗಿಲ್ಲದ ಅವಸರ ನಿನಗ್ಯಾಕೆ?

ಹೊಸದಾಗಿ ಬರೆಯುವಾಗ ಆ ನೇಕಾರನಿಗೆ ಒಂದು ಪೂರ್ತಿ ಪುಟ ಕೊಡು. ಸೀಬಿಸ್‌ಗೆ ಏನು ಉತ್ತರ ಕೊಡಬೇಕು ಅಂತ ಹೊಳೆಯದಿದ್ದರೆ ಹಾಗಂತಲೇ ಬರೆ. ದೀಪಾವಳಿಗೆ ಊರಿಗೆ ಬರ್ತೀಯಲ್ಲ, ಕೈಬರಹದ ಪ್ರತಿಯನ್ನೇ ತಾ. ಜಗಲಿಯಲ್ಲಿ ಕೂತು ಓದೋಣ.

ನಿನ್ನ ಅಕ್ಕ